ಕಥೆ ಹೇಳೋದು ಬೇರೆ, ಓದಿ ಹೇಳೋದು ಬೇರೆ

ನಾನು ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಾಲ್ಲೂಕಿಗೇ. ಹಾಗಾಗಿ ಇಲ್ಲಿ ಅಂಗನವಾಡಿ ಯಾರಿಗೂ ಹೊಸದಲ್ಲ. ಮೊಟ್ಟೆ, ಹಾಲು, ತೂಕ, ಚುಚ್ಚುಮದ್ದು ಅಂದರೆ ಎಲ್ಲರಿಗೂ ನಾವೇ ನೆನಪಾಗುತ್ತೇವೆ. ಕಥೆ ಪುಸ್ತಕ ಅಂದರೆ ಯಾರಿಗೂ ನೆನಪಾಗುತ್ತಿರಲಿಲ್ಲ.

ಪುಸ್ತಕಗಳು ಬೀರುವಿನಲ್ಲಿದ್ದವು. ತೆಗೆಯುತ್ತಲೂ ಇದ್ದೆ. ಆದರೆ ಚಿತ್ರ ತೋರಿಸಿ, ಕಥೆಯನ್ನು ನನ್ನ ಮಾತಿನಲ್ಲಿ ಹೇಳಿಬಿಡುತ್ತಿದ್ದೆ. ಪುಸ್ತಕದ ಭಾಷೆ ಈ ಕೂಸುಗಳಿಗೆ ಕಷ್ಟ ಅಂತ ನನ್ನ ಲೆಕ್ಕ. "ಆಮೆ ಮೆಲ್ಲಗೆ ತಲೆ ಹೊರಗೆ ಚಾಚಿತು" ಅಂತ ಅಚ್ಚಾಗಿದ್ದರೆ, "ಆಮೆ ನಿಧಾನುಕ್ಕೆ ತಲೆ ಆಚಿಗ್ ಆಕ್ತು" ಅನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು, ಕೇಳುತ್ತಿದ್ದರು. ಇಷ್ಟು ಸಾಕು ಅನ್ನಿಸಿತ್ತು.

ಒಂದು ದಿನ ಅದೇ ಆಮೆ ಕಥೆ ಮತ್ತೆ ಹೇಳಿದೆ. ನಾಲ್ಕು ವರ್ಷದ ಒಂದು ಹುಡುಗಿ ಎದ್ದು ಬಂದು ಹಾಳೆಯ ಮೇಲೆ ಕೈಯಿಟ್ಟು, "ನೆನ್ನೆ ಇಂಗ್ ಏಳ್ನಿಲ್ಲ ಮಿಸ್ಸು. ಇದ್ರಲ್ಲಿ ಏನೈತೆ?" ಅಂದಳು. ನಿಜ, ದಿನಕ್ಕೊಂದು ಥರ ಹೇಳುತ್ತಿದ್ದೆ. ಅವತ್ತು ಮೊದಲ ಸಲ ಬೆರಳಿಟ್ಟು, ಇದ್ದದ್ದನ್ನು ಇದ್ದ ಹಾಗೇ ಓದಿದೆ. ಅವಳು "ಇನ್ನೊಂದ್ ಸಲಿ" ಅಂದಳು. ಮತ್ತೆ ಓದಿದೆ. ಎರಡು ಸಲವೂ ಒಂದೇ ಮಾತು ಬಂತು. ಅವಳ ಮುಖ ನೋಡಬೇಕಿತ್ತು. ಕಥೆ ಇರೋದು ಮಿಸ್ಸಿನ ಬಾಯಲ್ಲಲ್ಲ, ಈ ಕಪ್ಪು ಗೆರೆಗಳಲ್ಲಿ ಅಂತ ಅವಳಿಗೆ ಆ ಕ್ಷಣ ಗೊತ್ತಾಯಿತು. ಇದನ್ನು ಅಕ್ಷರಮಾಲೆ ತಿದ್ದಿಸಿ ಕಲಿಸೋಕೆ ಆಗಲ್ಲ.

ಆಮೇಲೆ ಯೋಚನೆ ಮಾಡಿದೆ. ನಮ್ಮ ಕಡೆ ಮನೆಯಲ್ಲಿ ಮಗು ಕೇಳುವುದು "ಓಯ್ತಾವ್ನೆ". ಒಂದನೇ ತರಗತಿ ಪುಸ್ತಕದಲ್ಲಿ ಸಿಗುವುದು "ಹೋಗುತ್ತಿದ್ದಾನೆ". ಮಗು ಅಕ್ಷರ ಕೂಡಿಸಿ ಹೋ-ಗು-ತ್ತಿ-ದ್ದಾ-ನೆ ಅಂತ ಓದಿಬಿಡುತ್ತೆ. ಆದರೆ ಅದು ತನ್ನದೇ "ಓಯ್ತಾವ್ನೆ" ಅಂತ ಹೊಳೆಯಲ್ಲ. ಓದಿದರೂ ಅರ್ಥವಾಗಲ್ಲ ಅಂತ ಮೇಷ್ಟ್ರುಗಳು ಹೇಳುವ ತೊಂದರೆಯಲ್ಲಿ ಇದಕ್ಕೂ ದೊಡ್ಡ ಪಾಲಿದೆ ಅಂತ ನನ್ನ ನಂಬಿಕೆ. ಪುಸ್ತಕದ ಕನ್ನಡ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬಿದ್ದಿರಬೇಕು. ನಾನು ಸುಲಭ ಮಾಡಲು ಹೋಗಿ ಅದನ್ನೇ ತಪ್ಪಿಸುತ್ತಿದ್ದೆ.

ಹಾಗಂತ ಮಕ್ಕಳ ಮಾತನ್ನು ನಾನು ತಿದ್ದಲ್ಲ. "ಆವು" ಅಂದ ಮಗುವಿಗೆ "ಹಾವು ಅನ್ನು" ಅಂತ ಬಾಯಿ ಕಟ್ಟಿಸಿದರೆ ಅದು ಮಾತೇ ನಿಲ್ಲಿಸುತ್ತೆ. ಅದು "ಆವು" ಅಂತಲೇ ಕೇಳಲಿ, ನಾನು "ಹೌದು, ಹಾವು ಬಂತು" ಅಂತ ಮುಂದೆ ಓದುತ್ತೇನೆ. ಬಾಯಿಮಾತಿನ ಕಥೆಯನ್ನೂ ಬಿಟ್ಟಿಲ್ಲ. ಅದಕ್ಕೆ ಬೆಳಗಿನ ಹೊತ್ತು, ಓದಿಗೆ ಊಟಕ್ಕೆ ಮುಂಚಿನ ಹೊತ್ತು.

ಈಗ ಒಂದು ಪುಸ್ತಕವನ್ನು ವಾರವೆಲ್ಲ ಓದುತ್ತೇನೆ. ನಮಗೆ ಬೇಜಾರಾಗಬಹುದು, ಮಕ್ಕಳಿಗೆ ಆಗಲ್ಲ. ಸೋಮವಾರ ಸುಮ್ನೆ ಕೇಳುತ್ತಾರೆ. ಬುಧವಾರದ ಹೊತ್ತಿಗೆ ನಾನು "ಆಮೆ ಮೆಲ್ಲಗೆ ತಲೆ ಹೊರಗೆ..." ಅಂತ ನಿಲ್ಲಿಸಿದರೆ ಹತ್ತು ಬಾಯಿ ಒಟ್ಟಿಗೆ "ಚಾಚಿತು!" ಅನ್ನುತ್ತವೆ. ಪುಸ್ತಕವನ್ನು ಪಕ್ಕಕ್ಕೆ ಹಿಡಿದು, ಎಲ್ಲರಿಗೂ ಚಿತ್ರ ಕಾಣುವ ಹಾಗೆ ಕೂರುತ್ತೇನೆ. ಮೊದಲು ನಡುವೆ ನಡುವೆ "ಇದ್ಯಾವ ಬಣ್ಣ? ಎಷ್ಟಿದಾವೆ?" ಅಂತ ಕೇಳುತ್ತಿದ್ದೆ. ಅದು ಪರೀಕ್ಷೆಯಾಗುತ್ತಿತ್ತು, ಕಥೆ ಕೈತಪ್ಪುತ್ತಿತ್ತು. ಈಗ ಕೇಳುವುದು "ಮುಂದೆ ಏನಾಗಬಹುದು?", "ಆಮೆಗೆ ಯಾಕೆ ಭಯ ಆಯ್ತು?" ಅಂತ. ಉತ್ತರ ತಪ್ಪಾಗುವ ಭಯವಿಲ್ಲ, ಅದಕ್ಕೇ ಮಾತು ಜಾಸ್ತಿ ಬರುತ್ತೆ.

ತಾಯಂದಿರ ಸಭೆಯಲ್ಲಿ ಇದನ್ನು ಹೇಳಿದಾಗ, ಅಕ್ಷರ ಬಾರದ ಕೂಸಿಗೆ ಓದಿ ಏನು ಪ್ರಯೋಜನ ಅಂತ ಕೇಳಿದರು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹುಟ್ಟಿದಾಗಿನಿಂದ ಓದಿ ಹೇಳಿ ಅಂತ ಸಲಹೆ ಕೊಟ್ಟಿದೆ ಅಂದೆ. ಅದು ಅವರಿಗೆ ಅಷ್ಟು ತಾಕಲಿಲ್ಲ. "ಕೂಸು ಮಾತಾಡಕ್ ಮುಂಚೆ ನೀವು ಅದ್ರ ಜೊತೆ ಮಾತಾಡಲ್ವಾ? ಹಂಗೇ" ಅಂದಾಗ ತಲೆದೂಗಿದರು. ಒಬ್ಬ ತಾಯಿ ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ನಂಗೆ ಓದಕ್ಕೆ ಬರಕಿಲ್ಲ ಕಣ್ ಮೇಡಂ" ಅಂದರು. ಸಭೆಯಲ್ಲಿ ಹೇಳಲಾಗದೆ ಕಾದಿದ್ದರು ಪಾಪ. ನಾನು ಮೊದಲೇ ಯೋಚಿಸಬೇಕಿತ್ತು. ಅವರ ದೊಡ್ಡ ಮಗ ಐದನೇ ತರಗತಿ. ಪಂಚಾಯಿತಿ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ಶಾಲೆ ಮಕ್ಕಳಿಗೆ ಸದಸ್ಯತ್ವ ಉಚಿತ. ಅವನು ಅಲ್ಲಿಂದ ಪುಸ್ತಕ ತಂದು ತಂಗಿಗೆ ಓದಲಿ, ನೀವು ಪಕ್ಕದಲ್ಲಿ ಕೂತು ಚಿತ್ರ ನೋಡಿ ಮಾತಾಡಿಸಿ ಅಂದೆ. ಮೊದಮೊದಲು ಹುಡುಗ ತಡವರಿಸುತ್ತಿದ್ದನಂತೆ. ತಂಗಿ ಬಿಡಲಿಲ್ಲ, ಒಂದೇ ಪುಸ್ತಕ ದಿನಾ ಓದಿಸಿದಳು. ಈಗ ಅವನ ಓದೇ ಸಲೀಸಾಗಿದೆ ಅಂತ ತಾಯಿ ಹೇಳಿದರು.

ಆಮೆ ಕಥೆ ಕೇಳಿದ ಹುಡುಗಿ ಒಂದನೇ ತರಗತಿಗೆ ಹೋದಳು. ಅವಳ ತಮ್ಮ ಈಗ ನಮ್ಮಲ್ಲಿದ್ದಾನೆ, ಮೂರು ವರ್ಷ. ಶಾಲೆ ಬಿಟ್ಟ ಮೇಲೆ ಅವಳು ಅವನನ್ನು ಕರೆದುಕೊಂಡು ಹೋಗಲು ಬರುತ್ತಾಳೆ. ನಾನು ಬೀಗ ಹಾಕುವ ತನಕ ಇಬ್ಬರೂ ಹೊಸಿಲ ಮೇಲೆ ಕೂತಿರುತ್ತಾರೆ. ಅವನು ಎರಡೆರಡು ಹಾಳೆ ಒಟ್ಟಿಗೆ ತಿರುಗಿಸುತ್ತಾನೆ. ಅವಳು ಹಿಂದಕ್ಕೆ ತಿರುಗಿಸಿ, ಬೆರಳಿಟ್ಟು, "ಇಲ್ಲಿಂದ ಕಣೋ" ಅನ್ನುತ್ತಾಳೆ.