ದುಬೈಯ ಮಗ, ಶಿರ್ವದ ಕ್ಯಾಮರಾ, ನಮ್ಮ 512 ಐಪಿ

ಕಟಪಾಡಿ ಕಡೆ ಕೇಬಲ್ ನಡೆಸುವ ದೋಸ್ತಿ ಒಬ್ಬ ಈಗ ಫೈಬರ್ ನೆಟ್ಟೂ ಕೊಡ್ತಾನೆ, ಕಂಬ ಹತ್ತುದು ಅವನ ಹುಡುಗರು, ರೌಟರ್ ತಲೆಬಿಸಿ ನಂಗೆ. ಹೋದ ವಾರ ಶಿರ್ವದಿಂದ ಒಬ್ರು ಅಮ್ಮ ಫೋನ್ ಮಾಡಿ, ಮಗ ದುಬೈಯಲ್ಲಿ ಕೂತು ಮನೆ ಕ್ಯಾಮರಾ ನೋಡ್ಲಿಕ್ಕೆ ಆಗುದಿಲ್ಲ ಅಂತಾನೆ, ನಿಮ್ಮ ನೆಟ್ಟೇ ಸರಿ ಇಲ್ಲ ಅಂತೆ ಅಂದ್ರು. ನೆಟ್ ಸರಿ ಉಂಟು ಅಮ್ಮ, ಇಲ್ಲದ್ದು ಅಡ್ರೆಸ್ಸು.

ನಮ್ಮತ್ರ ಇರುದು 512 ಐಪಿವಿ4 ಅಡ್ರೆಸ್, ಅಂದ್ರೆ ಇಂಟರ್ನೆಟ್ಟಲ್ಲಿ ಮನೆ ನಂಬ್ರದ ಹಾಗಿನ ಹಳೇ ನಮೂನೆ ನಂಬ್ರ, ಗಿರಾಕಿಗಳು ಎರಡು ಸಾವಿರದ ಮೇಲೆ. ಹಾಗಾಗಿ ಸಿಜಿನ್ಯಾಟ್ ಅನ್ನುವ ಏರ್ಪಾಡು ಹಾಕಿ ಒಂದೇ ಅಡ್ರೆಸ್ಸಲ್ಲಿ ಸುಮಾರು ಮನೆ ಓಡಿಸುದು. ಹಿಂದೆ ಬೊಂಬಾಯಿ ಕಾಗದ ಎಲ್ಲ ಕೇರಾಫ್ ಅಂಗಡಿ ಅಂತ ಬರ್ತಿತ್ತಲ್ಲ, ಹಾಗೆ, ಆದ್ರೆ ಇಲ್ಲಿ ಕಾಗದದ ಮೇಲೆ ಹೆಸರೇ ಇಲ್ಲ. ನೀವು ಮೊದಲು ಬರೆದಿದ್ರೆ ಉತ್ತರ ಯಾರಿಗೆ ಅಂತ ಅಂಗಡಿಯವನಿಗೆ ನೆನಪಿರ್ತದೆ, ದುಬೈಯಿಂದ ಮಗ ತಾನಾಗಿ ಬರೆದ್ರೆ ಕಾಗದ ಕಸದ ಬುಟ್ಟಿಗೆ. ಮೇಲಿಂದ ಒಬ್ಬ ಸ್ಪ್ಯಾಮ್ ಕಳಿಸಿದ್ರೆ ಆ ಅಡ್ರೆಸ್ಸಲ್ಲಿರುವ ಎಲ್ಲರಿಗೂ ‘ನೀವು ರೋಬೋಟ್ ಅಲ್ಲ ಅಂತ ತೋರಿಸಿ’ ಅನ್ನುವ ಕ್ಯಾಪ್ಚಾ ಕಾಟ.

ಜಾಸ್ತಿ ತಗೊಳ್ಳಿ ಅಂತೀರಾ? ಸಿಗುದಿಲ್ಲ ಮಾರಾಯ್ರೆ. ಒಟ್ಟು ಇರುದೇ 429 ಕೋಟಿ ಚಿಲ್ಲರೆ, ಅದ್ರಲ್ಲಿ ಜಾಗತಿಕ ಸ್ಟಾಕ್ 2011 ಫೆಬ್ರವರಿಯಲ್ಲೇ ಖಾಲಿ. ಏಷ್ಯಾ-ಪೆಸಿಫಿಕ್ಕಿಗೆ ಹಂಚುವ ಎಪಿನಿಕ್ ಅದೇ ಏಪ್ರಿಲ್‌ನಲ್ಲಿ ತನ್ನ ಕೊನೆ ಬ್ಲಾಕಿಗೆ, ಅಂದ್ರೆ 103ರಿಂದ ಶುರುವಾಗುವ ಅಡ್ರೆಸ್ಸುಗಳಿಗೆ, ಕೈ ಹಾಕ್ತು. ಆಗಿಂದ ಆ ಬ್ಲಾಕಲ್ಲಿ ದೊಡ್ಡವ ಸಣ್ಣವ ಅಂತಿಲ್ಲ, ಮೆಂಬರಿಗೆ ಹೆಚ್ಚಂದ್ರೆ 1024, 2019ರಲ್ಲಿ ಅದನ್ನೂ 512ಕ್ಕೆ ಇಳಿಸಿದ್ರು. ನಮ್ಮ ದೇಶದಲ್ಲಿ ಇದನ್ನು ಕೊಡುದು ಇರಿನ್ ಅನ್ನುವ ವಿಭಾಗ, ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಅಂದ್ರೆ ನಿಕ್ಸಿ ಕೈಕೆಳಗಿನದ್ದು. 256ಕ್ಕಿಂತ ಸಣ್ಣ ತುಂಡು ಕೊಟ್ರೂ ಪ್ರಯೋಜನ ಇಲ್ಲ, ಹೊರಗಿನ ನೆಟ್‌ವರ್ಕಿನವ್ರು ಅಷ್ಟು ಸಣ್ಣ ತುಂಡಿಗೆ ಬರುವ ದಾರಿಯನ್ನು (ರೂಟ್) ತಗೊಳ್ಳುದೇ ಇಲ್ಲ.

ಇಳಿಸಿದ್ದಕ್ಕೆ ದೋಸ್ತಿ ಬೈತಾನೆ. ನಂಗೆ ಅದು ಸರಿ ಅಂತಲೇ ಕಾಣುದು, ಹಾಗೆ ಕಟ್ಟಿಟ್ಟದ್ದಕ್ಕೇ ತಡವಾಗಿ ಬಂದ ನಮ್ಮಂಥವ್ರ ಎಲೆಗೂ ಎಂತಾದ್ರೂ ಬಿತ್ತು. ಮೊದಲ ಪಂಕ್ತಿಯಲ್ಲಿ ಕೂತವ್ರ ಕತೆ ನೋಡಿ, ಅಮೆರಿಕದ ಎಂಐಟಿ ಅಂತ ಒಂದೇ ಕಾಲೇಜಿಗೆ 1.67 ಕೋಟಿ ಅಡ್ರೆಸ್ ಇತ್ತು, 2017ರಲ್ಲಿ ಅದ್ರಲ್ಲಿ ಒಂದಿಷ್ಟನ್ನು ಮಾರಿದ್ರು ಕೂಡ! ಹೊಟ್ಟೆ ಉರಿಯುದು ಅಲ್ಲಿ.

ಹೊಸ ನಮೂನೆ ಅಡ್ರೆಸ್ಸು ಐಪಿವಿ6 ಕೇಳಿದ್ರೆ ಮಾತ್ರ ಭರ್ಜರಿ ಊಟ, ನೆಟ್ ಕೊಡುವ ಸಣ್ಣ ಕಂಪನಿಗೂ /32 ಅನ್ನುವ ಒಂದು ದೊಡ್ಡ ಕಟ್ಟು, ಅಂದ್ರೆ 65,536 ಗಿರಾಕಿಗಳಿಗೆ ತಲಾ ಒಂದು /48, ಅದರೊಳಗಿನ ಸಣ್ಣ ಕಟ್ಟು, ಕೊಡ್ಬಹುದು. ನಾವೂ ತಗೊಂಡು ಹಾಕಿದ್ದೇವೆ. ಆದ್ರೆ ಶಿರ್ವದ ಮನೆಯ ಡಿವಿಆರ್, ಕ್ಯಾಮರಾ ರೆಕಾರ್ಡ್ ಮಾಡುವ ಪೆಟ್ಟಿಗೆ, ಹಳೇದು, ಅದಕ್ಕೆ ಐಪಿವಿ6 ಅಂದ್ರೆ ಎಂತ ಅಂತಲೇ ಗೊತ್ತಿಲ್ಲ.

ಕೊನೆಗೆ ಎತ್ತಿಟ್ಟ ನಾಲ್ಕು ಸ್ಟ್ಯಾಟಿಕ್ ಐಪಿಯಲ್ಲಿ, ಅಂದ್ರೆ ಒಂದೇ ಮನೆಗೆ ಕಾಯಂ ಇರುವ ಅಡ್ರೆಸ್ಸಲ್ಲಿ, ಒಂದನ್ನು ಅವ್ರಿಗೆ ಕೊಟ್ಟೆ. ರಾತ್ರಿ ಮಗನ ಮೆಸೇಜು, ಕ್ಯಾಮರಾ ಬಂತು, ಆದ್ರೆ ಅಂಗಳದ ಲೈಟ್ ಯಾಕೆ ಆಫ್ ಅಂತ ಅಮ್ಮನಿಗೆ ಕೇಳಿ. ಅಲ್ಲಿ ಆಗ ಕರೆಂಟೇ ಇರ್ಲಿಲ್ಲ, ಡಿವಿಆರ್ ಇನ್ವರ್ಟರಲ್ಲಿ ಓಡ್ತಿತ್ತು.