ಉಂಡ ಮನೆಯ ಜಂತಿ ಎಣಿಸುವ ಕೆಲಸ

ಉಂಡ ಮನೆಯ ಜಂತಿ ಎಣಿಸಬಾರದು ಅಂತ ಗಾದೆ. ನೆಂಟರಿಗೆ ಅದು ಒಪ್ಪುವ ನಡತೆ. ರಿವ್ಯೂ ಮಾಡುವವರ ಕಸುಬು ಮಾತ್ರ ಜಂತಿ ಎಣಿಸುವುದೇ: ಎಷ್ಟಿವೆ, ಯಾವುದು ಬಾಗಿದೆ, ಯಾವುದಕ್ಕೆ ಗೆದ್ದಲು ಹತ್ತಿದೆ. ಬಾಗಲಕೋಟೆ, ಇಳಕಲ್, ಗುಳೇದಗುಡ್ಡದ ಸೀರೆ-ಖಣದ ಅಂಗಡಿಗಳು, ಅಮೀನಗಡ-ಗೋಕಾಕದ ಕರದಂಟಿನ ಅಂಗಡಿಗಳು ದುಡ್ಡು ಕೊಟ್ಟು ರಿವ್ಯೂ ಮಾಡಿಸುವುದು ಈಗ ಮಾಮೂಲಿ. ದುಡ್ಡು ತಗೊಳ್ಳುವುದೇ ತಪ್ಪು ಎಂದು ನಾನು ಹೇಳಲಾರೆ. ಓಡಾಟಕ್ಕೆ, ಕ್ಯಾಮೆರಾಕ್ಕೆ, ಎಡಿಟಿಂಗಿಗೆ ಖರ್ಚಿದೆ. ಆದರೆ ಮಾತು ಕೆಡುವ ಜಾಗಗಳು ಕೆಲವೇ ಇವೆ, ಅವು ಬಹುಪಾಲು ದುಡ್ಡು ಕೈಗೆ ಬರುವ ಮುಂಚೆಯೇ ಇವೆ.

ಮೊದಲನೆಯದು ಸ್ಯಾಂಪಲ್. ಅಂಗಡಿಯವರು ರಿವ್ಯೂಗೆ ಕೊಡುವ ಸೀರೆ ಗಂಟಿನಲ್ಲಿಯೇ ಚೆಲುವಾದದ್ದು. ಗಿರಾಕಿಗೆ ಸಿಗುವುದು ಗಂಟಿನಲ್ಲಿ ಉಳಿದದ್ದು. ರಿವ್ಯೂ ಮಾಡಿದವರು ಒಂದಕ್ಷರ ಸುಳ್ಳು ಹೇಳದಿದ್ದರೂ ನೋಡಿದವರು ಮೋಸ ಹೋಗುತ್ತಾರೆ. ಇದಕ್ಕೆ ದಾರಿ ಒಂದೇ: ಅಂಗಡಿ ಕೊಟ್ಟದ್ದರ ಜೊತೆಗೆ ಅದೇ ಹೆಸರಿನ, ಅದೇ ಬೆಲೆಯ ಇನ್ನೊಂದನ್ನು ಬೇರೆ ದಿನ, ಬೇರೆಯವರ ಕೈಯಿಂದ ಕೌಂಟರಿನಲ್ಲಿ ಕೊಳ್ಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವುದು. ಆ ಎರಡನೆಯದರ ಬೆಲೆಯನ್ನು ರಿವ್ಯೂ ಶುಲ್ಕದಲ್ಲಿಯೇ ಸೇರಿಸಿ ಕೇಳಬೇಕು. ಇದಕ್ಕೆ ಒಪ್ಪದ ಅಂಗಡಿಯ ಕೆಲಸ ಬಿಡುವುದು ಲೇಸು.

ಇಳಕಲ್ ಸೀರೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಅತಿ ಹೆಚ್ಚು ಹಾನಿ ಆಗುತ್ತಿರುವುದು ಇಲ್ಲಿ. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆಗಳು, ಹೊಕ್ಕು ಅಂದರೆ ಅಡ್ಡಕ್ಕೆ ನೇಯುವ ಎಳೆ. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ದಡಿಯ ಹಾಸು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು, ದಡಿಗೆ ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಇರುತ್ತದೆ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಕುಣಿಕೆಯಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಟೋಪ ತೆನಿ ಅನ್ನುವುದು ಇದಕ್ಕೆ. ಹೀಗಾಗಿ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಅಣಿ ಮಾಡಬೇಕು. ಕೈಮಗ್ಗದ ಇಳಕಲ್ ಸೀರೆಗೆ ಹೆಚ್ಚು ಬೆಲೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಆ ಕುಣಿಕೆಗಳಲ್ಲಿದೆ.

ರಿವ್ಯೂ ಮಾಡುವವರು ತೋರಿಸಬೇಕಾದದ್ದೂ ಅದನ್ನೇ. ಸೆರಗು ಶುರುವಾಗುವ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯನ್ನು ಫೋನಿನ ಮುಂದಿಟ್ಟು ಚಿತ್ರ ತೆಗೆಯಿರಿ. ಸೀರೆಯ ಅಗಲದುದ್ದಕ್ಕೂ ಸಣ್ಣ ಗಂಟುಗಳ ಹಾಗೆ ಕುಣಿಕೆಗಳ ಸಾಲು ಕಾಣಬೇಕು. ಬೆರಳಾಡಿಸಿದರೆ ತುಸು ಉಬ್ಬು ಹತ್ತುತ್ತದೆ. ನಂತರ ಸೆರಗಿನೊಳಗೆ ಉದ್ದಕ್ಕೆ ಓಡುವ ಎಳೆಗಳ ಬಣ್ಣ ನೋಡಿ. ಪವರ್‌ಲೂಮಿನ ನಕಲಿನಲ್ಲಿ ಸಾಮಾನ್ಯವಾಗಿ ಒಡಲಿನ ಹಾಸೇ ಸೆರಗಿನ ಕೊನೆಯವರೆಗೆ ಹೋಗಿರುತ್ತದೆ, ಅಡ್ಡ ಹೊಕ್ಕಿನ ಬಣ್ಣವಷ್ಟೇ ಬದಲಾಗಿರುತ್ತದೆ. ಹಸಿರು ಒಡಲಿಗೆ ಕೆಂಪು ಸೆರಗಿದ್ದರೆ ಕೆಂಪಿನೊಳಗಿಂದ ಹಸಿರು ಇಣುಕುತ್ತದೆ. ಇಷ್ಟು ಸಾಕು, ನೋಡುವವರಿಗೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ರೇಷ್ಮೆ ಎಂದು ಹೇಳಿದ್ದರೆ ನೂಲು ಸುಟ್ಟು ನೋಡದೆ ಆ ಪದ ಬಾಯಲ್ಲಿ ಬರಬಾರದು. ಸೆರಗಿನಿಂದ ಒಂದು, ದಡಿಯಿಂದ ಒಂದು, ಒಡಲಿನ ಹೊಕ್ಕಿನಿಂದ ಒಂದು, ಎರಡು ಮೂರು ಇಂಚಿನ ಎಳೆಗಳನ್ನು ಬೇರೆ ಬೇರೆಯಾಗಿ ತೆಗೆಯಿರಿ. ಇಕ್ಕಳದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಡಿ. ರೇಷ್ಮೆ ನಿಧಾನಕ್ಕೆ ಸುಡುತ್ತದೆ, ಉರಿಯಿಂದ ಹೊರಗೆಳೆದರೆ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್ ಸಾಮಾನ್ಯವಾಗಿ ರೇಯಾನ್, ಅದು ಕಾಗದದ ಹಾಗೆ ಭರ್ರನೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮೂರೂ ಎಳೆ ಸುಡಬೇಕು ಎನ್ನುವುದು ಯಾಕೆಂದರೆ, ಸೆರಗು ರೇಷ್ಮೆಯದಿದ್ದು ದಡಿ ಆರ್ಟ್ ಸಿಲ್ಕ್ ಇರುವ ಸೀರೆಗಳು ಬೇಕಾದಷ್ಟಿವೆ. ಅದು ಮೋಸವೂ ಅಲ್ಲ. ಅದನ್ನು ಹೇಳದೆ ಪೂರ್ತಿ ರೇಷ್ಮೆಯ ಬೆಲೆ ಹೇಳಿದಾಗ ಮೋಸ. ಸೀರೆಗೆ ಕೈಮಗ್ಗದ ಗುರುತು (ಹ್ಯಾಂಡ್‌ಲೂಮ್ ಮಾರ್ಕ್), ರೇಷ್ಮೆ ಗುರುತು (ಸಿಲ್ಕ್ ಮಾರ್ಕ್) ಅಂಟಿಸಿದ್ದರೆ ಆ ಚೀಟಿಯನ್ನೂ ಹತ್ತಿರದಿಂದ ತೋರಿಸಿ.

ಇವೇನೂ ಮಾಡದೆ ಪವರ್‌ಲೂಮಿನ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ‘ಅಪ್ಪಟ ಕೈಮಗ್ಗ, ಅರ್ಧ ಬೆಲೆ’ ಅಂದುಬಿಟ್ಟರೆ ಏಟು ಬೀಳುವುದು ಆ ರೀಲ್ ಮಾಡಿದವರಿಗೆ ಮಾತ್ರವಲ್ಲ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತ ನೇಕಾರರು ರಿವ್ಯೂಗೆ ದುಡ್ಡು ಕೊಡುವ ಸ್ಥಿತಿಯಲ್ಲಿಲ್ಲ. ಅವರ ಸೀರೆಯ ಬೆಲೆ ಕೇಳಿದ ಗಿರಾಕಿ ಫೋನ್ ತೆಗೆದು ಆ ರೀಲ್ ತೋರಿಸಿ, ನೀವು ಯಾಕೆ ಇಷ್ಟು ಹೇಳುತ್ತೀರಿ ಅನ್ನುತ್ತಾರೆ. ನನಗೆ ಈ ವಿಷಯ ಇಷ್ಟು ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ.

ಎರಡನೆಯ ಜಾಗ ಒಪ್ಪಂದ. ಬಹುಪಾಲು ಮಾತುಕತೆ ವಾಟ್ಸಾಪಿನಲ್ಲಿ ನಡೆಯುತ್ತದೆ, ಅದಿರಲಿ, ಆದರೆ ನಾಲ್ಕು ಸಾಲು ಬರೆದು ‘ಒಪ್ಪಿಗೆ’ ಎಂದು ಪಡೆಯಬೇಕು. ಬೆಲೆ, ವಿಳಾಸ, ನೂಲಿನ ವಿವರ ತಪ್ಪಿದ್ದರೆ ತಿದ್ದಲು ಅಂಗಡಿಗೆ 24 ಗಂಟೆ, ಅಭಿಪ್ರಾಯವನ್ನು ತಿದ್ದುವಂತಿಲ್ಲ. ಶುಲ್ಕ ಪೂರ್ತಿ ಶೂಟಿಂಗಿಗೆ ಮುಂಚೆ. ಇದನ್ನು ದುರಾಸೆ ಎಂದು ತಿಳಿಯಬೇಡಿ. ಅರ್ಧ ದುಡ್ಡು ಬಾಕಿ ಇದ್ದರೆ ‘ಆ ಬಣ್ಣ ಬಿಡುವ ಮಾತು ಸ್ವಲ್ಪ ಮೆತ್ತಗೆ ಮಾಡ್ರಿ’ ಎಂಬ ಫೋನ್ ಬರುತ್ತದೆ, ಮೆತ್ತಗೂ ಆಗುತ್ತದೆ. ಶುಲ್ಕವನ್ನು ಮಾರಾಟಕ್ಕೆ ಕಟ್ಟಬೇಡಿ: ಕೂಪನ್ ಕೋಡಿನ ಕಮಿಷನ್ ತಗೊಂಡವರಿಗೆ ವಸ್ತುವಿನ ದೋಷ ಹೇಳಿದ ಪ್ರತಿ ಮಾತಿಗೂ ನಷ್ಟ. ಕಾಮೆಂಟ್ ಅಳಿಸುವ ಹಕ್ಕನ್ನು ಅಂಗಡಿಗೆ ಕೊಡಬೇಡಿ. ನಿಮ್ಮ ವಿಡಿಯೊದ ತುಂಡನ್ನು ಅವರು ಜಾಹೀರಾತಾಗಿ ಬೂಸ್ಟ್ ಮಾಡುವುದಾದರೆ ಎಷ್ಟು ದಿನ ಎಂದು ಬರೆಯಿರಿ, ಹೊಗಳಿದ ತುಂಡನ್ನಷ್ಟೇ ಕತ್ತರಿಸುವಂತಿಲ್ಲ ಎಂದೂ ಬರೆಯಿರಿ.

ಒಂದು ಷರತ್ತು ನೋಡಲು ಸಾಧುವಾಗಿರುತ್ತದೆ, ಅದೇ ಹೆಚ್ಚು ಕೆಟ್ಟದ್ದು: ‘ಚೆನ್ನಾಗಿಲ್ಲ ಅನಿಸಿದರೆ ಹಾಕಬೇಡಿ, ನಮಗಷ್ಟೇ ತಿಳಿಸಿ.’ ಹತ್ತು ವಸ್ತು ನೋಡಿ ನಾಲ್ಕನ್ನು ಹೀಗೆ ಮುಚ್ಚಿಟ್ಟರೆ ಓದುಗರ ಕಣ್ಣಿಗೆ ಬೀಳುವುದು ಆರು ಹೊಗಳಿಕೆ ಮಾತ್ರ. ಅವರಿಗೆ ಆ ನಾಲ್ಕರ ಸುಳಿವೇ ಇಲ್ಲ. ಒಪ್ಪಿಕೊಂಡ ಎಲ್ಲ ಕೆಲಸಗಳ ಪಟ್ಟಿಯೊಂದನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು, ಯಾರಿಂದ ಏನು ಬಂತು, ಎಷ್ಟು ದುಡ್ಡು, ವಸ್ತು ವಾಪಸ್ ಹೋಯಿತೋ ಇಲ್ಲವೋ ಬರೆಯುತ್ತಾ ಹೋದರೆ ಈ ಕುತ್ತು ತಪ್ಪುತ್ತದೆ. ವಾಪಸ್ ಕೊಡುವುದಕ್ಕೆ ಇನ್ನೊಂದು ಲಾಭವೂ ಇದೆ. ದೊಡ್ಡ ವಹಿವಾಟಿನವರು ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿ ಹೀಗೆ ವಸ್ತು ಕೊಟ್ಟರೆ ಶೇ. 10 ಟಿಡಿಎಸ್ (ಕೊಡುವವರೇ ಮೊದಲು ಕಡಿದು ಕಟ್ಟುವ ಆದಾಯ ತೆರಿಗೆ) ಕಡಿಯಬೇಕು ಎಂಬ ನಿಯಮ 2022ರ ಜುಲೈ 1ರಿಂದ ಬಂದಿದೆ. ವಸ್ತುವನ್ನು ಮರಳಿಸಿದರೆ ಅದು ನಿಮ್ಮ ಲಾಭದ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ದುಡ್ಡು ತಗೊಂಡದ್ದನ್ನು ಹೇಳುವ ರೀತಿ. ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐನ ಸೂಚನೆಗಳು 2021ರ ಜೂನ್ 14ರಿಂದ ಇವೆ. 15 ಸೆಕೆಂಡಿನೊಳಗಿನ ವಿಡಿಯೊಗೆ ಕನಿಷ್ಠ 3 ಸೆಕೆಂಡ್ ಇದು ಜಾಹೀರಾತು ಎಂಬ ಗುರುತು ಕಾಣಬೇಕು. ಎರಡು ನಿಮಿಷಕ್ಕಿಂತ ಕಡಿಮೆಯದಕ್ಕೆ ಮೂರನೇ ಒಂದು ಪಾಲು ಹೊತ್ತು, ಅಂದರೆ 90 ಸೆಕೆಂಡಿನ ರೀಲಿಗೆ 30 ಸೆಕೆಂಡ್. ಅದಕ್ಕೂ ಉದ್ದವಿದ್ದರೆ ಆ ವಸ್ತುವಿನ ಮಾತು ನಡೆಯುವಷ್ಟೂ ಹೊತ್ತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಕೊಟ್ಟ ಮಾರ್ಗಸೂಚಿ ಇನ್ನೂ ಬಿಗಿ: ವಿಡಿಯೊದಲ್ಲಿ ಅಕ್ಷರದಲ್ಲೂ ಕಾಣಬೇಕು, ಬಾಯಲ್ಲೂ ಹೇಳಬೇಕು, ಹ್ಯಾಶ್‌ಟ್ಯಾಗುಗಳ ಗುಂಪಿನಲ್ಲಿ ಹೂತು ಹಾಕುವಂತಿಲ್ಲ. ಸೆಕೆಂಡಿನ ಲೆಕ್ಕ ಹಾಕುತ್ತಾ ಕೂರುವ ಬದಲು ಶುರುವಿನಿಂದ ಕೊನೆಯವರೆಗೆ ಇಟ್ಟುಬಿಡುವುದೇ ಸರಿ ಅನ್ನುತ್ತೇನೆ.

ಪದವೂ ಮುಖ್ಯ. ‘ಕೊಲ್ಯಾಬ್’ ಅಂದರೆ ಹುನಗುಂದದಲ್ಲಿ ಮಗಳ ಮದುವೆಗೆ ಸೀರೆ ಹುಡುಕುತ್ತಿರುವ ತಾಯಿಗೆ ಏನು ತಿಳಿಯಬೇಕು? ‘ಜಾಹೀರಾತು’ ಎನ್ನಿ. ಅದಕ್ಕಿಂತ ಮೇಲು: ‘ಈ ರಿವ್ಯೂಗೆ ಅಂಗಡಿಯವರು 5,000 ರೂಪಾಯಿ ಕೊಟ್ಟಿದ್ದಾರೆ, ಒಂದು ಸೀರೆ ಅವರು ಕೊಟ್ಟದ್ದು, ಇನ್ನೊಂದು ನಾವು ಕೊಂಡದ್ದು.’ ಪುಕ್ಕಟೆ ವಸ್ತು, ರಿಯಾಯಿತಿ, ಹೋಟೆಲ್ ವಾಸ, ಅಂಗಡಿಯವರ ಜೊತೆಗಿನ ಬೀಗತನ, ಇವೂ ದುಡ್ಡಿಗೆ ಸಮ. ಬೀಗತನವನ್ನು ನಮ್ಮ ಊರುಗಳಲ್ಲಿ ಯಾರೂ ಹೇಳುವುದಿಲ್ಲ, ಆದರೆ ಊರಿಗೆ ಅದು ಗೊತ್ತೇ ಇರುತ್ತದೆ. ವಿಶ್ವಾಸ ಮೊದಲು ಹೋಗುವುದೂ ಅಲ್ಲಿಯೇ. ಒಮ್ಮೆ ಮುಚ್ಚಿಟ್ಟದ್ದು ಬಯಲಾದರೆ ದುಡ್ಡಿಲ್ಲದೆ ಮಾಡಿದ ಹಳೆಯ ರಿವ್ಯೂಗಳ ಮೇಲೂ ಅನುಮಾನ ಹರಡುತ್ತದೆ. ಜನ ಜಗಳಕ್ಕೆ ಬರುವುದಿಲ್ಲ, ‘ಬಣ್ಣ ನಿಲ್ಲುತ್ತದಾ?’, ‘ಎಷ್ಟು ಮೊಳ?’ ಎಂದು ಕೇಳುವುದನ್ನು ನಿಲ್ಲಿಸುತ್ತಾರೆ. ಪ್ರಶ್ನೆ ನಿಂತು ಬರೀ ಹೃದಯದ ಚಿಹ್ನೆಗಳು ಬರತೊಡಗಿದರೆ ನಂಬಿಕೆ ಸೋರುತ್ತಿದೆ ಎಂದು ತಿಳಿಯಿರಿ.

ಕಾಯ್ದೆಗೂ ಹಲ್ಲಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರಂತೆ ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಒಂದು ವರ್ಷದವರೆಗೆ ಯಾವ ವಸ್ತುವಿನ ಪ್ರಚಾರವನ್ನೂ ಮಾಡದಂತೆ ತಡೆಯಬಹುದು, ಮರುಕಳಿಸಿದರೆ ಮೂರು ವರ್ಷದವರೆಗೆ. ಹೇಳಿಕೆ ನಿಜವೇ ಎಂದು ತಕ್ಕಮಟ್ಟಿಗೆ ಪರಿಶೀಲಿಸಿದ್ದೆ ಎಂದು ತೋರಿಸಿದವರಿಗೆ ಅದೇ ಕಾಯ್ದೆ ರಕ್ಷಣೆ ಕೊಡುತ್ತದೆ. ಮೇಲೆ ಹೇಳಿದ ಕುಣಿಕೆಯ ಫೋಟೊ, ನೂಲು ಸುಟ್ಟ ವಿಡಿಯೊ, ಅಂಗಡಿಯ ಬಿಲ್ಲು, ಇವನ್ನು ಅಳಿಸಬೇಡಿ.

ಕರದಂಟಿನ ರಿವ್ಯೂದಲ್ಲಿ ಕೆಡುವುದು ಬೇರೆ ಬಗೆ. ಅಂಗಡಿಯ ಮುಂದೆ ನಿಂತು, ಅಂದೇ ಮಾಡಿದ್ದನ್ನು ಬಾಯಿಗಿಟ್ಟು ‘ಆಹಾ’ ಅನ್ನುತ್ತಾರೆ. ಅಂದು ಎಲ್ಲರದೂ ಚೆನ್ನಾಗಿರುತ್ತದೆ. ಡಬ್ಬಿಯನ್ನು ಮನೆಗೆ ತಂದು ಮೊದಲ ದಿನ, ಹತ್ತನೇ ದಿನ, ಇಪ್ಪತ್ತನೇ ದಿನ ತಿಂದು ನೋಡಬೇಕು. ಅದಕ್ಕೆ ಹಾಕುವ ತಿನ್ನುವ ಅಂಟು ತುಪ್ಪದಲ್ಲಿ ಪೂರ್ತಿ ಅರಳಿರದಿದ್ದರೆ ನಡುವೆ ಗಟ್ಟಿ ಉಳಿದು ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಕೊಬ್ಬರಿ, ಜಿಡ್ಡು ಹಳಸಿದ್ದರೆ ಕಮಟು ತಡವಾಗಿ ಬರುತ್ತದೆ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತಯಾರಿಸಿದ ದಿನಾಂಕ ತೋರಿಸಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಹೊರಗೆ ಗೋಡಂಬಿ, ಬಾದಾಮಿಯ ಚಿತ್ರ ದೊಡ್ಡದಿದ್ದು ಪಟ್ಟಿಯಲ್ಲಿ ಬೆಲ್ಲ ಮೊದಲಿದ್ದರೆ ಹಾಗೇ ಓದಿ ಹೇಳಿ. ‘ಬಾಣಂತಿಯರ ನಡುನೋವು ಹೋಗುತ್ತದೆ’ ಎಂದು ಅಂಗಡಿಯವರು ಬರೆದುಕೊಟ್ಟ ಸಾಲನ್ನು ಓದಲೇಬಾರದು. ಬಾಣಂತಿಗೆ ಅಂಟಿನುಂಡಿ ಕೊಡುವ ರೂಢಿ ಒಂದು ಮಾತು, ದುಡ್ಡು ತಗೊಂಡು ನೋವಿಗೆ ಔಷಧ ಎನ್ನುವುದು ಬೇರೆ ಮಾತು.

ಇಷ್ಟೆಲ್ಲ ಮಾಡಿದ ಮೇಲೂ ತಪ್ಪಾಗುತ್ತದೆ. ಆರನೇ ಒಗೆತಕ್ಕೆ ದಡಿಯ ಬಣ್ಣ ಒಡಲಿಗೆ ಇಳಿಯಬಹುದು, ಕೈಮಗ್ಗ ಅಂದದ್ದು ಕೈಮಗ್ಗ ಆಗಿರದೇ ಇರಬಹುದು. ಆಗ ಸದ್ದಿಲ್ಲದೆ ಅಳಿಸಿದರೆ, ನೋಡಿ ಕೊಂಡವರಿಗೆ ವಿಷಯ ತಲುಪುವುದೇ ಇಲ್ಲ. ಬರಹವಾದರೆ ಮೊದಲ ಸಾಲಿನಲ್ಲಿಯೇ ದಿನಾಂಕ ಹಾಕಿ, ಏನು ಹೇಳಿದ್ದೆವು, ನಿಜ ಏನು ಎಂದು ಬರೆಯಬೇಕು. ವಿಡಿಯೊವನ್ನು ತಿದ್ದಲಾಗದು, ಹಾಗಾಗಿ ಅದೇ ಮಾತನ್ನು ಪಿನ್ ಮಾಡಿದ ಕಾಮೆಂಟಿನಲ್ಲಿ ಹಾಕಿ, ಹೆಸರು ಬದಲಾಯಿಸಿ ‘ತಿದ್ದುಪಡಿ ಇದೆ’ ಎಂದು ಸೇರಿಸಿ, ಹೊಸ ವಿಡಿಯೊ ಬಿಡಿ. ಹಳೆಯದರ ಕೆಳಗೆ ‘ಎಲ್ಲಿ ಸಿಗುತ್ತದೆ’ ಎಂದು ಕೇಳಿದ್ದವರಿಗೆ ಒಬ್ಬೊಬ್ಬರಿಗೂ ಉತ್ತರ ಬರೆಯಿರಿ. ಸೀರೆ ಕೊಂಡು ಮೋಸ ಹೋದವರು ಅಂಗಡಿಯಲ್ಲಿ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಎಂದು ತಿಳಿಸಿ. ನಿಮ್ಮ ಹತ್ತಿರ ಇರುವ ಫೋಟೊ, ವಿಡಿಯೊ, ಬಿಲ್ಲು ಬೇಕೆಂದರೆ ಅವನ್ನೂ ಕಳಿಸಿಕೊಡಿ.