ಅಡಿಕೆ ಕಾಲಕ್ಕೆ ಬಂದ ಮೀರಾ

ಮಲೆನಾಡಲ್ಲಿದ್ದು ಆಕಾಶ ನೋಡುವ ಹುಚ್ಚು ಹಚ್ಚಿಕೊಂಡವರಿಗೆ ಮೀರಾ ನಕ್ಷತ್ರದ ಮೇಲೆ ಒಂದು ಸಣ್ಣ ಮುನಿಸು ಇದ್ದೇ ಇರುತ್ತದೆ. ತಿಮಿಂಗಿಲ ಪುಂಜದ ಈ ಕೆಂಪು ದೈತ್ಯ ಸುಮಾರು 332 ದಿನಕ್ಕೊಮ್ಮೆ ಉಬ್ಬಿ ಕುಗ್ಗುತ್ತದೆ. ಅಂದರೆ ಅದು ಜೋರಾಗಿ ಹೊಳೆಯುವ ಕಾಲ ಪ್ರತಿ ವರ್ಷ ಒಂದು ತಿಂಗಳು ಹಿಂದೆ ಸರಿಯುತ್ತಾ ಹೋಗುತ್ತದೆ. ಕೆಲವು ವರ್ಷ ಸೂರ್ಯನ ಮಗ್ಗುಲಲ್ಲಿ ಅಡಗುತ್ತದೆ, ಕೆಲವು ವರ್ಷ ನಮ್ಮ ತೀರ್ಥಹಳ್ಳಿ ಮಳೆಯ ಪಾಲು. 1596ರಲ್ಲಿ ಡೇವಿಡ್ ಫ್ಯಾಬ್ರಿಸಿಯಸ್ ಇದನ್ನು ಮೊದಲು ಗಮನಿಸಿದ್ದು ಆಗಸ್ಟ್‌ನಲ್ಲಿ. ಇಲ್ಲಿ ಆಗಸ್ಟ್‌ನಲ್ಲಿ ಚಂದ್ರ ಕಂಡರೇ ಪುಣ್ಯ!

ಈ ಜನವರಿಯಲ್ಲಿ ಮಾತ್ರ ಅದು ಏರುತ್ತಾ ಇತ್ತು, ಕತ್ತಲಾಗುತ್ತಿದ್ದ ಹಾಗೇ ನೆತ್ತಿಯ ಹತ್ತಿರ. ಹಳೇ ಡಿಎಸ್ಎಲ್ಆರ್ ಲೆನ್ಸ್ ಮುಂದೆ ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗ್ (ಬೆಳಕನ್ನು ಬಣ್ಣಬಣ್ಣದ ಪಟ್ಟಿಯಾಗಿ ಎಳೆಯುವ ಗಾಜು) ಸಿಕ್ಕಿಸಿ ಅಂಗಳದ ಮೂಲೆಯಲ್ಲಿ ನಿಲ್ಲಿಸಿದೆ. ಆ ಕಡೆ ಚಪ್ಪರದಡಿ ಅಡಿಕೆ ಸುಲಿಯುತ್ತಿದ್ದರು. ಅವರ ಬಲ್ಬಿಗೆ ನನ್ನ ಕಡೆಯಿಂದ ಒಂದು ಗೋಣಿಚೀಲ ಅಡ್ಡ ಕಟ್ಟಿದೆ. "ನಕ್ಷತ್ರಾನ ಎಳೆದು ಉದ್ದ ಮಾಡಿದ್ರೆ ಏನು ಸಿಗ್ತದೆ?" ಅಂತ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ.

ಮೊದಲು ಪೂರ್ವದಲ್ಲಿದ್ದ ಲುಬ್ಧಕ (ಸಿರಿಯಸ್) ನಕ್ಷತ್ರದ ರೋಹಿತ, ಅಂದರೆ ಆ ಬಣ್ಣದ ಪಟ್ಟಿ, ತೆಗೆದೆ. ಅದರಲ್ಲಿ ಹೈಡ್ರೋಜನ್ ಗೆರೆಗಳು ಚೊಕ್ಕವಾಗಿ ಕಪ್ಪಗೆ ಕಾಣುತ್ತವೆ. ತರಂಗದೂರ ಅಳೆಯಲು ಅದೇ ಅಳತೆಪಟ್ಟಿ. ಆಮೇಲೆ ಮೀರಾ. ಕೆಂಪು ಭಾಗವೆಲ್ಲ ಟೈಟಾನಿಯಂ ಆಕ್ಸೈಡ್ ಅಣುಗಳು ಬೆಳಕು ನುಂಗಿದ ಪಟ್ಟಿಗಳು. 616, 705 ನ್ಯಾನೋಮೀಟರ್ ಹತ್ತಿರ ಬೆಳಕಿನ ಗ್ರಾಫು ಧಡಕ್ಕನೆ ಬೀಳುತ್ತದೆ, ಆಮೇಲೆ ಕೆಂಪಿನ ಕಡೆಗೆ ನಿಧಾನ ಏರುತ್ತದೆ. ಆಗುಂಬೆ ಘಾಟಿಯನ್ನು ತಲೆಕೆಳಗು ಮಾಡಿದ ಹಾಗೆ: ಒಂದು ಕಡೆ ಕಡಿದು, ಇನ್ನೊಂದು ಕಡೆ ಶಿವಮೊಗ್ಗದ ತನಕ ಸಾವಕಾಶ.

ನಕ್ಷತ್ರ ತಣ್ಣಗಾದಾಗ ಈ ಅಣುಗಳು ಜಾಸ್ತಿಯಾಗಿ ಬೆಳಕನ್ನು ನುಂಗುತ್ತವೆ. ಕಣ್ಣಿಗೆ ಮೀರಾ ನೂರಾರು ಪಟ್ಟು ಮಂಕಾಗುವುದಕ್ಕೆ ಇದೂ ದೊಡ್ಡ ಕಾರಣ. ಅದರ ಒಟ್ಟು ಶಕ್ತಿ ಅಷ್ಟೇನೂ ಕಡಿಮೆಯಾಗುವುದಿಲ್ಲ, ಹೆಚ್ಚಿನದು ನಮಗೆ ಕಾಣದ ಅವಕೆಂಪಿನಲ್ಲಿ ಹೊರಡುತ್ತದೆ.

ನನಗೆ ಬೇಕಿದ್ದದ್ದು ನೀಲಿ ತುದಿ. ಅಲ್ಲಿ 410 ನ್ಯಾನೋಮೀಟರಿನಲ್ಲಿ ಒಂದು ಮೊಳೆ ಎದ್ದಿತ್ತು. ಎಚ್-ಡೆಲ್ಟಾ, ಹೈಡ್ರೋಜನ್ನಿನ ಒಂದು ಗೆರೆ! ಲುಬ್ಧಕನಲ್ಲಿ ಕಪ್ಪಗಿದ್ದ ಗೆರೆ ಇಲ್ಲಿ ಹೊಳೆಯುತ್ತಿತ್ತು. ಪ್ರತಿ ಮಿಡಿತಕ್ಕೂ ಒಂದು ಆಘಾತ ತರಂಗ ಹೊರಕ್ಕೆ ನುಗ್ಗಿ ಹೈಡ್ರೋಜನ್ನನ್ನು ಕಾಯಿಸುತ್ತದೆ, ಅದರ ಗುರುತು ಇದು. ತಮಾಷೆ ಅಂದರೆ, ಬೇರೆ ಕಡೆ ಜೋರಾಗಿರುವ ಎಚ್-ಆಲ್ಫಾ, ಹೈಡ್ರೋಜನ್ನಿನದೇ ಕೆಂಪು ಗೆರೆ, ಇಲ್ಲಿ ಪೆಚ್ಚು. ಮೇಲಿನ ಟೈಟಾನಿಯಂ ಆಕ್ಸೈಡ್ ಪದರ ಅದನ್ನು ಮುಚ್ಚಿಬಿಡುತ್ತದೆ. ಗ್ರಾಫನ್ನು ಫೋನಿನಲ್ಲಿ ತೋರಿಸಿದೆ. "ಇಷ್ಟೇನಾ?" ಅಂದರು. ಇಷ್ಟೇ ಮಾರಾಯ್ರೆ, ಆದರೆ ಸುಮಾರು 300 ಜ್ಯೋತಿರ್ವರ್ಷ ದೂರದ ಪೆಟ್ಟು ಅಲ್ವಾ!

ಎಂಟೂವರೆಗೆ ಲೆನ್ಸ್ ಮೇಲೆ ಇಬ್ಬನಿ ಕೂತು ಕೆಲಸ ನಿಂತಿತು. ಗ್ಯಾಸ್ ಎಷ್ಟು ವೇಗದಲ್ಲಿ ಓಡುತ್ತಿದೆ ಅನ್ನುವುದು ಈ ಗ್ರೇಟಿಂಗಿಗೆ ಎಟುಕುವ ಮಾತಲ್ಲ. ಅದಕ್ಕೆ ಸೀಳುಗಂಡಿ ಇರುವ ಸ್ಪೆಕ್ಟ್ರೋಗ್ರಾಫ್ ಬೇಕು. ಮೀರಾದ 11 ಸುತ್ತು ಅಂದರೆ ಹೆಚ್ಚುಕಡಿಮೆ 10 ವರ್ಷ. ಅದರಲ್ಲಿ ಮಳೆ, ಸೂರ್ಯ ಎರಡೂ ಬಿಡುವು ಕೊಡುವುದು ಮೂರ್ನಾಲ್ಕು ವರ್ಷ ಮಾತ್ರ, ಆ ವರ್ಷಗಳು ಈಗ ಶುರುವಾಗಿವೆ. ಅಂಥ ಸ್ಪೆಕ್ಟ್ರೋಗ್ರಾಫನ್ನು ತ್ರೀಡಿ ಪ್ರಿಂಟ್ ಮಾಡಿಸಿ ನಾವೇ ಜೋಡಿಸುವ ಸ್ಟಾರ್‌ಎಕ್ಸ್ ಅನ್ನುವ ವಿನ್ಯಾಸ ಇದೆ. ಈ ಸಲದ ಅಡಿಕೆ ದುಡ್ಡು ಬಂದ ಮೇಲೆ ಮನೆಯಲ್ಲಿ ಮಾತು ತೆಗೆಯಬೇಕು.